‘ಕಡಿಮೆ’ ಎಂದ ಕೂಡಲೇ ಕಳೆಯಬಹುದೇ? ಮಾತನ್ನು ಬೀಜೋಕ್ತಿಯಾಗಿ ಬರೆಯುವ ಬಗೆ

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಮಗಳು ಏಳನೇ ತರಗತಿ. ಐದರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ್ದಾಳೆ. ಕೂಡುವುದು, ಕಳೆಯುವುದು, ಬೀಜೋಕ್ತಿಗಳನ್ನು (ಅಕ್ಷರಗಳೂ ಸಂಖ್ಯೆಗಳೂ ಬೆರೆತ ಗಣಿತದ ಬರಹಗಳನ್ನು) ಸರಳಗೊಳಿಸುವುದು ಯಾವುದರಲ್ಲಿಯೂ ತೊಂದರೆಯಿಲ್ಲ. ಆದರೆ ಮಾತಿನಲ್ಲಿ ಕೊಟ್ಟದ್ದನ್ನು ಬೀಜೋಕ್ತಿಯಾಗಿ ಬರೆ ಎಂದರೆ ತಪ್ಪುತ್ತಾಳೆ. ‘ಸೆವೆನ್ ಲೆಸ್ ದ್ಯಾನ್ ಟ್ವೈಸ್ ಎ ನಂಬರ್’ ಎಂಬುದಕ್ಕೆ ಏಳನ್ನು ಮೊದಲು ಬರೆದು, ಅದರಿಂದ ಸಂಖ್ಯೆಯ ಎರಡರಷ್ಟನ್ನು ಕಳೆದಿದ್ದಳು. ಟ್ಯೂಷನ್‌ನಲ್ಲಿ ಒಂದು ಪಟ್ಟಿ ಕೊಟ್ಟಿದ್ದಾರೆ: ‘ಹೆಚ್ಚು’, ‘ಒಟ್ಟು’ ಬಂದರೆ ಕೂಡಿಸು; ‘ಕಡಿಮೆ’, ‘ಉಳಿದ’ ಬಂದರೆ ಕಳೆ; ‘ಪಟ್ಟು’ ಬಂದರೆ ಗುಣಿಸು; ‘ತಲಾ’ ಬಂದರೆ ಭಾಗಿಸು. ಇದನ್ನು ಬಾಯಿಪಾಠ ಮಾಡಿಸಿದರೆ ಸಾಕೇ? ಮನೆಯಲ್ಲಿ ನಾನು ಕನ್ನಡದಲ್ಲಿ ಹೇಳಿಕೊಟ್ಟರೆ ಅವಳಿಗೆ ಇನ್ನಷ್ಟು ಗೊಂದಲವಾಗುವುದೇ?

ಉತ್ತರ: ಬಾಯಿಪಾಠ ಸಾಲದು, ನನ್ನ ಅಭಿಪ್ರಾಯದಲ್ಲಿ ಆ ಪಟ್ಟಿಯನ್ನು ಕೊಡದೇ ಇದ್ದಿದ್ದರೆ ಒಳ್ಳೆಯದಿತ್ತು. ಕನ್ನಡದಲ್ಲಿ ಹೇಳಿಕೊಡುವುದರಿಂದ ಗೊಂದಲವಾಗುವುದಿಲ್ಲ. ನೀವು ಹೇಳಿರುವ ತಪ್ಪಿನ ಮಟ್ಟಿಗಂತೂ ಕನ್ನಡವೇ ಮದ್ದು.

ಪಟ್ಟಿಯ ದೋಷ ಎಲ್ಲಿದೆ ಎಂಬುದನ್ನು ಗಾಂಧಿ ಬಜಾರಿನ ಹೂವಿನ ಲೆಕ್ಕದಲ್ಲಿ ನೋಡೋಣ. ಕನಕಾಂಬರದ ಬೆಲೆ ಮೊಳಕ್ಕೆ ಮಲ್ಲಿಗೆಗಿಂತ 10 ರೂಪಾಯಿ ಹೆಚ್ಚು. ಒಂದು ಮೊಳ ಮಲ್ಲಿಗೆಯ ಬೆಲೆ ‘ಮ’ ರೂಪಾಯಿ ಎಂದಿಟ್ಟುಕೊಂಡರೆ ಕನಕಾಂಬರದ ಬೆಲೆ ಮ + 10. ಪಟ್ಟಿ ಗೆದ್ದಿತು. ಈಗ ಹೇಳಿಕೆಯ ಒಂದಕ್ಷರವನ್ನೂ ಬದಲಿಸದೆ, ಕನಕಾಂಬರದ ಬೆಲೆ ‘ಕ’ ರೂಪಾಯಿ ಎಂದು ಕೊಟ್ಟು, ಮಲ್ಲಿಗೆಯ ಬೆಲೆ ಎಷ್ಟು ಎಂದು ಕೇಳಿದರೆ ಉತ್ತರ ಕ − 10 ಆಗುತ್ತದೆ. ಮಾತಿನಲ್ಲಿ ಇರುವುದು ‘ಹೆಚ್ಚು’, ಮಾಡಬೇಕಾದದ್ದು ವ್ಯವಕಲನ. ಕೂಡಬೇಕೇ ಕಳೆಯಬೇಕೇ ಎಂಬುದು ‘ಹೆಚ್ಚು’ ಎಂಬ ಪದದಿಂದ ತೀರ್ಮಾನವಾಗುವುದಿಲ್ಲ; ಯಾವುದರ ಬೆಲೆ ಗೊತ್ತಿದೆ, ಯಾವುದರ ಬೆಲೆಯನ್ನು ಕೇಳಿದ್ದಾರೆ ಎಂಬುದರಿಂದ ತೀರ್ಮಾನವಾಗುತ್ತದೆ. ಪಟ್ಟಿಯನ್ನು ನಂಬಿದ ಮಗು ವಾಕ್ಯವನ್ನು ಪೂರ್ತಿ ಓದುವ ಗೋಜಿಗೇ ಹೋಗುವುದಿಲ್ಲ, ಸುಳಿವಿನ ಪದ ಸಿಕ್ಕಿದ ಕೂಡಲೇ ಚಿಹ್ನೆ ಹಾಕಿಬಿಡುತ್ತದೆ. ಅಭ್ಯಾಸದ ಮೊದಲ ಹತ್ತು ಲೆಕ್ಕಗಳಲ್ಲಿ ಅದು ಸರಿಯಾಗಿಯೇ ಬರುವುದರಿಂದ ಆ ಚಟ ಗಟ್ಟಿಯಾಗಿ ಕೂರುತ್ತದೆ.

ಇಲ್ಲಿ ನಾನು ಚರಾಕ್ಷರಗಳಾಗಿ, ಅಂದರೆ ಸಂಖ್ಯೆಯ ಬದಲು ನಿಲ್ಲುವ ಅಕ್ಷರಗಳಾಗಿ, ಕನ್ನಡ ಅಕ್ಷರಗಳನ್ನೇ ಬಳಸುತ್ತಿದ್ದೇನೆ. ಮಗಳ ಪುಸ್ತಕದಲ್ಲಿ ಎಕ್ಸ್, ವೈ ಇರುತ್ತವೆ. ಯಾವ ಅಕ್ಷರವಾದರೂ ಲೆಕ್ಕ ಒಂದೇ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಮೊದಲ ರಾಶಿಯನ್ನು ‘ಯಾವತ್ತಾವತ್’ ಎಂದೂ ಮುಂದಿನವನ್ನು ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರಿನಿಂದಲೂ ಕರೆದು, ಬರೆಯುವಾಗ ‘ಯಾ’, ‘ಕಾ’, ‘ನೀ’ ಎಂಬ ಮೊದಲಕ್ಷರಗಳನ್ನಷ್ಟೇ ಬಳಸಿದ್ದರು. ಆದರೆ ಮೊದಲಕ್ಷರಗಳಲ್ಲಿ ಒಂದು ಅಪಾಯವಿದೆ. ‘ಮ’ ಎಂದರೆ ಮಲ್ಲಿಗೆ ಎಂದು ಮಗು ತಿಳಿದುಬಿಡುತ್ತದೆ. ಅದು ಮಲ್ಲಿಗೆಯೂ ಅಲ್ಲ, ಮೊಳವೂ ಅಲ್ಲ. ಒಂದು ಮೊಳಕ್ಕೆ ಎಷ್ಟು ರೂಪಾಯಿ ಎಂಬ ಸಂಖ್ಯೆ. ಆದ್ದರಿಂದ ಲೆಕ್ಕದ ಮೊದಲ ಸಾಲಿನಲ್ಲಿ ಅಕ್ಷರ ಯಾವ ಸಂಖ್ಯೆಗೆ ನಿಂತಿದೆ ಎಂಬುದನ್ನು ಮಾನದ ಸಮೇತ ಬರೆಸಿ. ‘ಮ = ಮಲ್ಲಿಗೆ’ ಎಂದು ಬರೆದರೆ ಒಪ್ಪಬೇಡಿ, ‘ಒಂದು ಮೊಳ ಮಲ್ಲಿಗೆಯ ಬೆಲೆ ಮ ರೂಪಾಯಿ’ ಎಂದೇ ಬರೆಯಲಿ.

ಈಗ ನಿಮ್ಮ ಮಗಳ ತಪ್ಪಿಗೆ ಬರುತ್ತೇನೆ. ಇಂಗ್ಲಿಷ್ ವಾಕ್ಯದಲ್ಲಿ ಕಳೆಯಬೇಕಾದ ಏಳು ಮೊದಲು ಬರುತ್ತದೆ, ಯಾವುದರಿಂದ ಕಳೆಯಬೇಕೋ ಅದು ಕೊನೆಗೆ ಬರುತ್ತದೆ. ಅವಳು ಕಿವಿಗೆ ಬಿದ್ದ ಕ್ರಮದಲ್ಲೇ ಬರೆದಳು. ಅದೇ ಮಾತನ್ನು ಕನ್ನಡದಲ್ಲಿ ಹೇಳಿದರೆ ‘ಒಂದು ಸಂಖ್ಯೆಯ ಎರಡರಷ್ಟಕ್ಕಿಂತ 7 ಕಡಿಮೆ’ ಎಂದಾಗುತ್ತದೆ. ಸಂಖ್ಯೆಯನ್ನು ‘ಸ’ ಎಂದುಕೊಂಡರೆ, ಎರಡರಷ್ಟು ಮೊದಲು, ಏಳು ಆಮೇಲೆ: 2ಸ − 7. ನಮ್ಮ ವಾಕ್ಯದ ಕ್ರಮವೂ ಬೀಜೋಕ್ತಿಯ ಕ್ರಮವೂ ಇಲ್ಲಿ ಒಂದೇ ದಾರಿಯಲ್ಲಿ ಸಾಗುತ್ತವೆ. ಇಂಗ್ಲಿಷ್ ಮಾಧ್ಯಮದ ಮಗುವಾದರೂ ಮೊದಲು ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡು ಬರೆಯಲಿ. ಪರೀಕ್ಷೆಯಲ್ಲಿ ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ಹಾಗೆಂದು ಕನ್ನಡದಲ್ಲಿಯೂ ಪದಗಳ ಕ್ರಮವನ್ನೇ ನಂಬಿ ಕೂರುವಂತಿಲ್ಲ, ಏಕೆಂದರೆ ನಮ್ಮಲ್ಲಿ ಯಾವುದಕ್ಕೆ ಏನಾಗುತ್ತಿದೆ ಎಂಬುದನ್ನು ಹೇಳುವುದು ವಿಭಕ್ತಿ ಪ್ರತ್ಯಯ. ‘20ರಿಂದ ಸಂಖ್ಯೆಯನ್ನು ಕಳೆಯಿರಿ’ ಎಂದರೂ, ‘ಸಂಖ್ಯೆಯನ್ನು 20ರಿಂದ ಕಳೆಯಿರಿ’ ಎಂದರೂ ಉತ್ತರ 20 − ಸ ಎಂದೇ. ಪದಗಳು ಜಾಗ ಬದಲಿಸಿದವು, ಪ್ರತ್ಯಯಗಳು ಬದಲಾಗಲಿಲ್ಲ. ಕಳೆಯುವಾಗ ‘ಇಂದ’ ಅಥವಾ ‘ಅಲ್ಲಿ’ ಯಾವುದಕ್ಕೆ ಹತ್ತಿದೆಯೋ ಅದು ಮೊದಲು ಬರುತ್ತದೆ. ‘ಇಪ್ಪತ್ತರಲ್ಲಿ ಏಳು ಹೋದರೆ ಹದಿಮೂರು’ ಎಂದು ಮನೆಯಲ್ಲಿ ಹೇಳುವುದೂ ಹೀಗೆಯೇ. ಇಷ್ಟು ಹೇಳಿಕೊಟ್ಟರೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಭಾಗಾಕಾರ ಅಡ್ಡ ಬರುತ್ತದೆ. ‘ಸಂಖ್ಯೆಯಿಂದ 6ನ್ನು ಕಳೆಯಿರಿ’ ಎಂದರೆ ಸ − 6. ‘ಸಂಖ್ಯೆಯಿಂದ 6ನ್ನು ಭಾಗಿಸಿರಿ’ ಎಂದರೆ 6/ಸ. ಎರಡೂ ವಾಕ್ಯಗಳಲ್ಲಿ ಕ್ರಿಯಾಪದವೊಂದನ್ನು ಬಿಟ್ಟರೆ ಉಳಿದ ಪದಗಳೂ ಪ್ರತ್ಯಯಗಳೂ ಅವೇ. ಆದರೂ ಮೊದಲನೆಯದರಲ್ಲಿ ಸಂಖ್ಯೆ ಮೊದಲು ನಿಂತಿತು, ಎರಡನೆಯದರಲ್ಲಿ ಕೆಳಗಿಳಿದು ಛೇದವಾಯಿತು. ಕಾರಣವಿಷ್ಟೆ: ಕಳೆಯುವಾಗ ‘ಇಂದ’ ಎಂಬುದು ಎಲ್ಲಿಂದ ತೆಗೆಯಬೇಕೆಂಬುದನ್ನು ತೋರಿಸುತ್ತದೆ, ಭಾಗಿಸುವಾಗ ಯಾವ ಸಂಖ್ಯೆಯನ್ನು ಬಳಸಿ ಭಾಗಿಸಬೇಕೆಂಬುದನ್ನು ತೋರಿಸುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಹೆಚ್ಚಾಗಿ ಎಡವುವ ಜಾಗ ಇದು. ಇಲ್ಲಿ ಸೂತ್ರ ಹೇಳುವ ಬದಲು ‘ಹಂಚಿಹೋಗುವುದು ಯಾವುದು?’ ಎಂದು ಕೇಳಿ. ಹಂಚಿಹೋಗುವುದಕ್ಕೆ ‘ಅನ್ನು’ ಇರುತ್ತದೆ, ಅದು ಮೇಲೆ ಬರುತ್ತದೆ.

ಆವರಣ (ಬ್ರಾಕೆಟ್) ಯಾವಾಗ ಹಾಕಬೇಕು ಎಂಬುದು ಮಕ್ಕಳ ಇನ್ನೊಂದು ದೊಡ್ಡ ತೊಡಕು. ಇದಕ್ಕೆ ಕನ್ನಡ ವಾಕ್ಯರಚನೆ ಒಳ್ಳೆಯ ಆಸರೆ. ವಿಶೇಷಣಗಳೆಲ್ಲ ಮುಂದೆ ಬಂದು ಮುಖ್ಯವಾದದ್ದು ಕೊನೆಗೆ ಬರುವುದು ನಮ್ಮ ಭಾಷೆಯ ಜಾಯಮಾನವಾದ್ದರಿಂದ, ಪದಗುಚ್ಛದ ಕಟ್ಟಕಡೆಯಲ್ಲಿ ಹೇಳಿದ ಕ್ರಿಯೆಯೇ ಲೆಕ್ಕದಲ್ಲಿಯೂ ಕಟ್ಟಕಡೆಗೆ ಮಾಡುವ ಕ್ರಿಯೆಯಾಗಿರುತ್ತದೆ. ‘ಎರಡು ಸಂಖ್ಯೆಗಳ ವರ್ಗಗಳ ಮೊತ್ತ’ ಎಂದಾಗ ಕೊನೆಯ ಪದ ಮೊತ್ತ. ಮೊದಲು ವರ್ಗ ಮಾಡಿ ಆಮೇಲೆ ಕೂಡಿಸಬೇಕು: ಅ² + ಬ². ‘ಎರಡು ಸಂಖ್ಯೆಗಳ ಮೊತ್ತದ ವರ್ಗ’ ಎಂದಾಗ ಕೊನೆಯ ಪದ ವರ್ಗ; ಕೂಡಿಸಿದ್ದನ್ನೇ ಒಟ್ಟಾಗಿ ವರ್ಗ ಮಾಡಬೇಕಾದ್ದರಿಂದ ಆವರಣ ಬೇಕು: (ಅ + ಬ)². ಅ ಎಂಬುದು 3, ಬ ಎಂಬುದು 4 ಆದರೆ ಮೊದಲನೆಯದು 25, ಎರಡನೆಯದು 49. ‘ಸಂಖ್ಯೆಯ ಮೂರರಷ್ಟಕ್ಕೆ 4ನ್ನು ಕೂಡಿಸಿದರೆ’ ಎಂಬುದು 3ಸ + 4, ‘ಸಂಖ್ಯೆಗೆ 4ನ್ನು ಕೂಡಿಸಿ, ಬಂದದ್ದನ್ನು 3ರಿಂದ ಗುಣಿಸಿದರೆ’ ಎಂಬುದು 3(ಸ + 4). ಎರಡನೆಯದರಲ್ಲಿ ‘ಬಂದದ್ದನ್ನು’ ಎಂದು ಎಲ್ಲಿ ಹೇಳಿದಿರೋ ಅಲ್ಲಿ ಆವರಣ ಮುಚ್ಚಿಕೊಳ್ಳುತ್ತದೆ. ಮಗಳಿಗೆ ಮಾತನ್ನು ಬಿಡಿಸಿ ಹೇಳುವಾಗ ಈ ಪದವನ್ನು ಧಾರಾಳವಾಗಿ ಬಳಸಿ.

‘ಪಟ್ಟು’ ಎಂಬುದರ ಬಗ್ಗೆ ಒಂದು ಎಚ್ಚರಿಕೆ. ‘ಮೂರು ಪಟ್ಟು’ ಎಂದರೆ 3ಸ, ಅದರಲ್ಲಿ ಸಂಶಯವಿಲ್ಲ. ‘ಮೂರು ಪಟ್ಟು ಹೆಚ್ಚು’ ಎಂದರೆ ಕೆಲವರು 3ಸ ಎನ್ನುತ್ತಾರೆ, ಅಕ್ಷರಶಃ ಓದುವವರು ಮೊದಲಿದ್ದ ಸ ಜೊತೆಗೆ ಇನ್ನೂ 3ಸ ಸೇರಿಸಿ 4ಸ ಎನ್ನುತ್ತಾರೆ. ಪತ್ರಿಕೆಗಳಲ್ಲಿ ಈ ಪ್ರಯೋಗ ಸಲೀಸಾಗಿ ಓಡಾಡುತ್ತದೆ, ಲೆಕ್ಕದಲ್ಲಿ ಮಾತ್ರ ಬೇಡ. ಮಗಳು ಸ್ವಂತವಾಗಿ ಬರೆಯುವಾಗ ‘ಮೂರರಷ್ಟು’ ಎಂದೇ ಬರೆಯಲಿ.

ಇದಕ್ಕೆ ಹತ್ತಿರದ್ದೇ ಆದ ಇನ್ನೊಂದು ತಪ್ಪಿದೆ, ಅದು ದೊಡ್ಡವರನ್ನೂ ಬಿಟ್ಟಿಲ್ಲ. ಅಮೆರಿಕದ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಈ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಪ್ರಾಧ್ಯಾಪಕರ ಸಂಖ್ಯೆಯ ಆರರಷ್ಟಿದೆ’ ಎಂಬುದನ್ನು ಸಮೀಕರಣವಾಗಿ ಬರೆಯಲು ಕೇಳಿದಾಗ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತಪ್ಪಿದರು. ವಿದ್ಯಾರ್ಥಿಗಳ ಸಂಖ್ಯೆ ‘ವಿ’, ಪ್ರಾಧ್ಯಾಪಕರ ಸಂಖ್ಯೆ ‘ಪ’ ಎಂದುಕೊಂಡರೆ ಸಾಮಾನ್ಯವಾದ ತಪ್ಪು 6ವಿ = ಪ ಎಂಬುದು, ಸರಿಯಾದದ್ದು ವಿ = 6ಪ. ಆರು ವಿದ್ಯಾರ್ಥಿಗಳ ಎದುರಿಗೆ ಒಬ್ಬ ಪ್ರಾಧ್ಯಾಪಕ ನಿಂತ ಚಿತ್ರವನ್ನು ಅವರು ಹಾಗೆಯೇ ಬರೆದಿಟ್ಟರು; ಅಕ್ಷರ ಅವರ ಪಾಲಿಗೆ ಸಂಖ್ಯೆಯಾಗಿರದೆ ಮನುಷ್ಯನ ಹೆಸರಾಗಿತ್ತು. ‘ಮ = ಮಲ್ಲಿಗೆ’ ಎಂದು ಬರೆಯಲು ಬಿಡಬೇಡಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿ.

ಹಾಗಾದರೆ ಪಟ್ಟಿಯ ಬದಲು ಏನು ಮಾಡಿಸಬೇಕು? ಅಕ್ಷರ ಬರೆಯುವ ಮುಂಚೆ ಅದೇ ಲೆಕ್ಕವನ್ನು ಗೊತ್ತಿರುವ ಎರಡು ಮೂರು ಸಂಖ್ಯೆಗಳಿಂದ ಮಾಡಿಸಿ. ಆದರೆ ಉತ್ತರ ಕಂಡುಹಿಡಿಯಲು ಬಿಡಬೇಡಿ, ಹಂತಗಳನ್ನಷ್ಟೇ ಬರೆದು ನಿಲ್ಲಿಸಲಿ. ಬೆಂಗಳೂರಿನ ಆಟೊ ದರ ಇದಕ್ಕೆ ಹೇಳಿಮಾಡಿಸಿದಂತಿದೆ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದ ಪ್ರಕಾರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ನಂತರದ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಆಟೊ 5 ಕಿಲೋಮೀಟರ್ ಓಡಿದರೆ 36 + 18 × (5 − 2). ಏಳು ಓಡಿದರೆ 36 + 18 × (7 − 2). ಹನ್ನೆರಡು ಓಡಿದರೆ 36 + 18 × (12 − 2). ಮೂರನ್ನೂ ಒಂದರ ಕೆಳಗೊಂದು ಬರೆದು, ಯಾವ ಜಾಗದಲ್ಲಿ ಅಂಕಿ ಬದಲಾಗುತ್ತಿದೆ ಎಂದು ಕೇಳಿ. ಬದಲಾಗುವುದು ಒಂದೇ ಜಾಗ. ಓಡಿದ ಕಿಲೋಮೀಟರ್‌ಗಳ ಸಂಖ್ಯೆಯನ್ನು ‘ಕ’ ಎಂದುಕೊಂಡು ಅದನ್ನು ಅಲ್ಲಿ ಇಟ್ಟರೆ 36 + 18(ಕ − 2) ಎಂಬ ಬೀಜೋಕ್ತಿ ಸಿದ್ಧ. ಉತ್ತರವನ್ನು ಮೊದಲೇ ಕಂಡುಹಿಡಿದು 90, 126, 216 ಎಂದು ಬರೆದಿದ್ದರೆ ಈ ರಚನೆ ಕಣ್ಣಿಗೆ ಬೀಳುತ್ತಿರಲಿಲ್ಲ. ಜಾಣ ಮಕ್ಕಳಿಗೆ ಬೇಗ ಉತ್ತರ ಹೇಳುವ ಆತುರವಿರುತ್ತದೆ, ಇಲ್ಲಿ ಅದನ್ನು ತಡೆಯಬೇಕು.

ಈ ಬೀಜೋಕ್ತಿಯನ್ನು ಸರಳಗೊಳಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ. 36 + 18ಕ − 36, ಅಂದರೆ ಬರೀ 18ಕ. ಎರಡು ಕಿಲೋಮೀಟರ್ ದಾಟಿದ ಮೇಲೆ ಕನಿಷ್ಠ ದರ ಎಂಬುದೇ ಇರಲಿಲ್ಲವೇನೋ ಎಂಬಂತೆ ಲೆಕ್ಕ ನಡೆಯುತ್ತದೆ, ಏಕೆಂದರೆ 36 ಎಂಬುದು 18ರ ಎರಡರಷ್ಟೇ ಆಗಿದೆ. ಇದಕ್ಕೆ ಹಿಂದಿನ 30 ಮತ್ತು 15 ರೂಪಾಯಿಯ ದರದಲ್ಲಿಯೂ ಹೀಗೆಯೇ 15ಕ ಬರುತ್ತಿತ್ತು. ಆದರೆ 2013ರಲ್ಲಿ ನಿಗದಿಯಾದ ದರ ಮೊದಲ 1.9 ಕಿಲೋಮೀಟರಿಗೆ 25 ರೂಪಾಯಿ, ನಂತರ ಕಿಲೋಮೀಟರಿಗೆ 13 ರೂಪಾಯಿ. ಅದನ್ನು ಸರಳಗೊಳಿಸಿ ನೋಡಿದರೆ 13ಕ + 0.3 ಬರುತ್ತದೆ, ಮೂವತ್ತು ಪೈಸೆ ಮಿಕ್ಕುತ್ತದೆ. ಮಗಳಿಗೆ ಇದನ್ನು ಬಿಡಿಸಲು ಕೊಡಿ. ಜೊತೆಗೆ 18ಕ ಎಂಬುದು ಎಲ್ಲ ದೂರಕ್ಕೂ ಅನ್ವಯಿಸುವುದಿಲ್ಲ ಎಂಬುದನ್ನೂ ಅವಳೇ ಕಂಡುಕೊಳ್ಳಲಿ: 1.5 ಕಿಲೋಮೀಟರಿಗೆ ಅದು 27 ಎನ್ನುತ್ತದೆ, ಕೊಡಬೇಕಾದದ್ದು 36. ಬೀಜೋಕ್ತಿ ಬರೆದ ಮೇಲೆ ‘ಕ ಎಷ್ಟರಿಂದ ಮೇಲಕ್ಕೆ ಇದು ಸರಿ?’ ಎಂದು ಕೇಳುವ ರೂಢಿ ಏಳನೇ ತರಗತಿಯಲ್ಲಿಯೇ ಬರುವುದು ಒಳ್ಳೆಯದು. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು, ಅಂದರೆ 27ಕ. ಇನ್ನು ‘ಮೀಟರ್ ಮೇಲೆ ಇಪ್ಪತ್ತು ಕೊಡಿ’ ಎಂದು ಹಗಲಿನಲ್ಲಿ ಕೇಳುವವರ ದರ 18ಕ + 20. ಅದು ಯಾವ ಸರ್ಕಾರಿ ಆದೇಶದಲ್ಲಿಯೂ ಇಲ್ಲವಾದರೂ ಬೀಜೋಕ್ತಿಯ ಮಟ್ಟಿಗೆ ನಿರ್ದುಷ್ಟವಾಗಿದೆ.

ರೇಖಾಗಣಿತ ಬೆರೆತ ಸಂದರ್ಭಗಳಲ್ಲಿ ಚಿತ್ರ ಬರೆಯದೆ ಬೀಜೋಕ್ತಿ ಬರೆಸಬೇಡಿ. ನಮ್ಮೂರಿನ ತರ್ಟಿ ಫಾರ್ಟಿ ಸೈಟನ್ನೇ ತೆಗೆದುಕೊಳ್ಳಿ: ಅಗಲ 30 ಅಡಿ, ಉದ್ದ 40 ಅಡಿ, ವಿಸ್ತೀರ್ಣ 1200 ಚದರ ಅಡಿ. ನಾಲ್ಕೂ ಕಡೆ ‘ಸ’ ಅಡಿ ಜಾಗ ಬಿಟ್ಟು ಮನೆ ಕಟ್ಟಿದರೆ ತಳಪಾಯದ ವಿಸ್ತೀರ್ಣ ಎಷ್ಟು? ಚಿತ್ರವಿಲ್ಲದೆ ಕೇಳಿದರೆ ಬಹುತೇಕ ಮಕ್ಕಳು (30 − ಸ)(40 − ಸ) ಎಂದು ಬರೆಯುತ್ತಾರೆ. ಚಿತ್ರ ಬರೆದ ಮಗುವಿಗೆ ಎಡಗಡೆಯೂ ಬಲಗಡೆಯೂ ಜಾಗ ಹೋಗುವುದು ಕಾಣುವುದರಿಂದ (30 − 2ಸ)(40 − 2ಸ) ಎಂಬ ಸರಿಯಾದ ಉತ್ತರ ತಾನಾಗಿ ಬರುತ್ತದೆ. ಬಿಟ್ಟ ಜಾಗದ ವಿಸ್ತೀರ್ಣವನ್ನು ಕೇಳಿದರೆ ಲೆಕ್ಕ ಇನ್ನೂ ಚೆನ್ನಾಗಿದೆ. ನಾಲ್ಕು ಪಟ್ಟಿಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುವವರು 30ಸ ಎರಡು ಸಲ, 40ಸ ಎರಡು ಸಲ ಕೂಡಿಸಿ 140ಸ ಎನ್ನುತ್ತಾರೆ. ಆದರೆ ಮೂಲೆಯ ನಾಲ್ಕು ಚೌಕಗಳು ಉದ್ದದ ಪಟ್ಟಿಯಲ್ಲೊಮ್ಮೆ, ಅಗಲದ ಪಟ್ಟಿಯಲ್ಲೊಮ್ಮೆ ಸೇರಿ ಎರಡು ಸಲ ಎಣಿಕೆಯಾಗಿವೆ. ಒಂದೊಂದು ಚೌಕದ ವಿಸ್ತೀರ್ಣ ಸ². ಆದ್ದರಿಂದ ಸರಿಯಾದ ಬೀಜೋಕ್ತಿ 140ಸ − 4ಸ². ಸ ಎಂಬುದು 3 ಅಡಿ ಎಂದಿಟ್ಟು ನೋಡಿ: ತಳಪಾಯ 24 × 34, ಅಂದರೆ 816, ಬಿಟ್ಟ ಜಾಗ 420 − 36, ಅಂದರೆ 384, ಎರಡೂ ಸೇರಿ 1200. ಬರೆದ ಬೀಜೋಕ್ತಿಯಲ್ಲಿ ಒಂದು ಸಣ್ಣ ಸಂಖ್ಯೆಯನ್ನಿಟ್ಟು ಕಥೆಗೆ ಹೊಂದುತ್ತದೆಯೇ ಎಂದು ನೋಡುವ ಈ ತಾಳೆ ಪ್ರತಿ ಲೆಕ್ಕಕ್ಕೂ ಇರಲಿ. ಸೊನ್ನೆ, ಒಂದು, ಎರಡು ಇಡಬೇಡಿ. ಎರಡರ ಎರಡರಷ್ಟೂ ನಾಲ್ಕು, ಎರಡರ ವರ್ಗವೂ ನಾಲ್ಕು ಆಗುವುದರಿಂದ ಅಲ್ಲಿ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ.

ಶೇಕಡಾ ಲೆಕ್ಕದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯಾವುದರ ಶೇಕಡಾ? ನಮ್ಮ ಮೆಟ್ರೊದ ಸ್ಮಾರ್ಟ್ ಕಾರ್ಡ್‌ನಲ್ಲಿ ಶೇ 5 ರಿಯಾಯಿತಿ ಇದ್ದಾಗ, ಟಿಕೆಟ್ ದರ ‘ಟ’ ರೂಪಾಯಿಯಾದರೆ ಕಾರ್ಡಿನಿಂದ ಹೋಗುವ ಹಣ ಟ − 5 ಅಲ್ಲ, ಟ − 0.05ಟ, ಅಂದರೆ 0.95ಟ. ವಯಸ್ಸಿನ ಲೆಕ್ಕಗಳಲ್ಲಿ ಐದು ವರ್ಷ ಉರುಳಿದರೆ ಎಲ್ಲರ ವಯಸ್ಸೂ ಐದು ಹೆಚ್ಚುತ್ತದೆ ಎಂಬುದನ್ನು ಮರೆಯದಿದ್ದರೆ ಸಾಕು, ಅದರಲ್ಲಿ ಬೇರೆ ಕಷ್ಟವಿಲ್ಲ.

ನೀವು ಬರೆದಿಲ್ಲವಾದರೂ ನಿಮ್ಮ ಮಗಳಲ್ಲಿ ಇರಬಹುದಾದ ಇನ್ನೊಂದು ತೊಂದರೆಯನ್ನು ಹೇಳುತ್ತೇನೆ. ಮೂರು ಮೊಳ ಮಲ್ಲಿಗೆ, ಎರಡು ಮೊಳ ಕನಕಾಂಬರ ಕೊಂಡರೆ 3ಮ + 2(ಮ + 10), ಅಂದರೆ 5ಮ + 20. ಇಲ್ಲಿಗೆ ನಿಲ್ಲಲು ಮಕ್ಕಳಿಗೆ ಮನಸ್ಸು ಬರುವುದಿಲ್ಲ. ನಡುವೆ ಕೂಡಿಸುವ ಚಿಹ್ನೆ ಉಳಿದರೆ ಲೆಕ್ಕ ಮುಗಿದಿಲ್ಲವೆಂದು ಅಂಕಗಣಿತ ಇಷ್ಟು ವರ್ಷ ಕಲಿಸಿದೆಯಲ್ಲ, ಆದ್ದರಿಂದ 25ಮ ಎಂದು ಬರೆದು ಮುಗಿಸುತ್ತಾರೆ. ಮಲ್ಲಿಗೆ ಮೊಳಕ್ಕೆ 30 ರೂಪಾಯಿ ಎಂದಿಟ್ಟರೆ ಹೂವಿನವರಿಗೆ ಕೊಡಬೇಕಾದದ್ದು 170, ಆದರೆ 25ಮ ಎಂಬುದು 750 ಎನ್ನುತ್ತದೆ. 5ಮ + 20 ಎಂಬುದೇ ಪೂರ್ಣ ಉತ್ತರ, ಬೆಲೆ ತಿಳಿಯುವವರೆಗೆ ಅದರಾಚೆ ಹೋಗುವಂತಿಲ್ಲ ಎಂದು ಬಿಡಿಸಿ ಹೇಳಿ.

ಇಷ್ಟಾದ ಮೇಲೆ ಲೆಕ್ಕವನ್ನು ತಿರುಗಿಸಿ. ಬೀಜೋಕ್ತಿಯನ್ನು ನೀವು ಕೊಡಿ, ಸಂದರ್ಭವನ್ನು ಅವಳು ಹೇಳಲಿ, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. 4ಸ − 3 ಮತ್ತು 4(ಸ − 3) ಎಂಬ ಜೋಡಿಯಿಂದ ಶುರುಮಾಡಬಹುದು. ‘ತೆಂಗಿನಕಾಯಿಗೆ ಸ ರೂಪಾಯಿ ಹೇಳಿದರು, ನಾಲ್ಕು ತೆಗೆದುಕೊಂಡಿದ್ದಕ್ಕೆ ಒಟ್ಟಿನಲ್ಲಿ 3 ರೂಪಾಯಿ ಬಿಟ್ಟರು’ ಎಂಬ ಕಥೆಯನ್ನು ಮೊದಲನೆಯದಕ್ಕೂ, ‘ಚೌಕಾಸಿ ಮಾಡಿ ಕಾಯಿಗೆ 3 ರೂಪಾಯಿಯಂತೆ ಇಳಿಸಿ ನಾಲ್ಕು ಕೊಂಡೆವು’ ಎಂಬ ಕಥೆಯನ್ನು ಎರಡನೆಯದಕ್ಕೂ ಅವಳೇ ಹೊಂದಿಸಿ, ಎರಡನೆಯದರಲ್ಲಿ 9 ರೂಪಾಯಿ ಹೆಚ್ಚು ಉಳಿಯಿತು ಎಂದೂ ಹೇಳಿದಳೆಂದರೆ ಟ್ಯೂಷನ್ನಿನ ಪಟ್ಟಿಯನ್ನು ಎತ್ತಿಟ್ಟು ಸಮೀಕರಣಗಳಿಗೆ ಹೋಗಬಹುದು.